ಅಟ್ಟದ ಬಾಣಂತಿಯರು

ರಾಷ್ಟ್ರೀಯ ಉದ್ಯಾನದೊಳಗೆ ನೌಕರರಿಗೆಂದು ಕಟ್ಟಿದ್ದ ಮನೆಗಳು ಎಷ್ಟು ಹಳೆಯವೆಂದರೆ, ಹೊರಗೆ ಮಳೆ ನಿಂತರೂ ಒಳಗೆ ಇನ್ನರ್ಧ ಗಂಟೆ ಸುರಿಯುತ್ತಿತ್ತು. ಕೊನೆಗೂ ಇಲಾಖೆಗೆ ಜ್ಞಾನೋದಯವಾಗಿ, ಒಂದೊಂದನ್ನೇ ಕೆಡವಿ ಅದೇ ಜಾಗದಲ್ಲಿ ಹೊಸದು ಕಟ್ಟುತ್ತಿದ್ದರು. ಕೊನೆಯ ಸರದಿ ಗಾರ್ಡ್ ಮನೆಯದು. ಅವನು ಬರುವ ವರ್ಷ ರಿಟೈರ್. ಈಗ ಕೆಡವಿದರೆ ಅವನ ಹೆಂಡತಿಗೆ ನಾಲ್ಕು ತಿಂಗಳಾದರೂ ಹೊಸ ಮನೆಯ ಯೋಗ. ಮೂವತ್ತು ವರ್ಷ ಸೋರುವ ಮೂಲೆಗೆ ಬಕೆಟ್ ಇಟ್ಟವಳಿಗೆ ನಾಲ್ಕು ತಿಂಗಳೂ ಸ್ವರ್ಗವೇ.

ಕೆಡವುವ ಹಿಂದಿನ ದಿನ ಗಂಡ ಹೆಂಡತಿ ಸಾಮಾನು ಕಟ್ಟುತ್ತಿದ್ದಾಗ ಅಟ್ಟದಲ್ಲಿ ಚಿಂವ್ ಚಿಂವ್ ಸದ್ದಾಯಿತು. ಅವಳು ಏಣಿ ಹಾಕಿ ನೋಡಿದಳು. ಬಾವಲಿಗಳು. ಒಂದೊಂದರ ಎದೆಗೂ ಒಂದೊಂದು ಮರಿ.

"ರೀ, ಅಟ್ಟದ ತುಂಬ ಬಾಣಂತಿಯರು."

ಗಾರ್ಡ್ ಹಗ್ಗದ ಗಂಟಿನಿಂದ ಕಣ್ಣೆತ್ತಲಿಲ್ಲ. "ನನಗೇನೂ ಕಾಣಿಸ್ಲಿಲ್ಲ."

"ನೀವು ನೋಡೇ ಇಲ್ವಲ್ಲ."

"ಅದಕ್ಕೇ ಕಾಣಿಸ್ಲಿಲ್ಲ."

ಮರಿ ಹಾಕಿದ ಪ್ರಾಣಿಯನ್ನು ಎಬ್ಬಿಸಬಾರದು ಎನ್ನುವುದು ಉದ್ಯಾನದ ಕಾನೂನು. ಕೋತಿಗೆ ಕಲ್ಲೆಸೆದನೆಂದು ಸ್ವಂತ ಭಾವಮೈದನಿಗೇ ದಂಡ ಹಾಕಿ, ಊಟಕ್ಕೆ ಬಡಿಸುವ ಮುಂಚೆ ರಸೀದಿ ಕೊಟ್ಟ ಮನುಷ್ಯ ಇವನು. ಅಂಥವನು ಈಗ ಹೆಂಡತಿಗೋಸ್ಕರ ಸುಳ್ಳು ಹೇಳುತ್ತಿದ್ದಾನೆ. ಅವಳಿಗೆ ಪ್ರೀತಿ ಉಕ್ಕಿತು, ಹಿಂದೆಯೇ ಸಿಟ್ಟೂ ಬಂತು. ನಾಳೆ ಆ ಮರಿಗಳು ಮಣ್ಣುಪಾಲಾದರೆ ಇವನು ಹೊಸ ಮನೆಯಲ್ಲಿ ನಿದ್ದೆ ಮಾಡುವುದುಂಟೇ? ನಿದ್ದೆಗೆಟ್ಟ ಗಂಡನನ್ನೂ ಹೊಸ ಮನೆಯನ್ನೂ ಒಟ್ಟಿಗೆ ಇಟ್ಟುಕೊಂಡು ತಾನೇನು ಮಾಡಬೇಕು? ಅತ್ತ ದರಿ, ಇತ್ತ ಪುಲಿ.

ಚಪ್ಪಲಿ ಮೆಟ್ಟಿಕೊಂಡು ಆಫೀಸಿಗೆ ನಡೆದಳು.

ಸಾಹೇಬರು ಬಂದು ಟಾರ್ಚ್ ಬಿಟ್ಟು ನೋಡಿದರು. ಕೆಲಸ ನಿಂತಿತು. ಮರಿಗಳು ಹಾರುವ ಹೊತ್ತಿಗೆ ಮಳೆ ಹಿಡಿಯುತ್ತದೆ, ಮಳೆ ಬಿಟ್ಟು ಕಟ್ಟಿ ಮುಗಿಸುವ ಹೊತ್ತಿಗೆ ಗಾರ್ಡ್ ರಿಟೈರ್ ಆಗಿರುತ್ತಾನೆ. ಹೊಸ ಮನೆ ಅವನ ಜಾಗಕ್ಕೆ ಬರುವವನಿಗೆ.

"ಏನ್ರೀ, ಇಷ್ಟೊಂದಿದ್ರೂ ನಿಮ್ಮ ಕಣ್ಣಿಗೆ ಬೀಳ್ಲಿಲ್ವಾ?" ಎಂದು ಸಾಹೇಬರು ಗಾರ್ಡನನ್ನು ಕೇಳಿದರು.

"ಅವರಿಗೆ ಕಣ್ಣು ಮಂಜು ಸರ್, ವಯಸ್ಸಾಯ್ತಲ್ಲ," ಎಂದಳು ಹೆಂಡತಿ.

ಗುಡ್ಡದಾಚೆಯ ಜಿಂಕೆಯ ಕಿವಿ ಎಣಿಸಬಲ್ಲ ಗಾರ್ಡ್, "ಹೌದು ಸರ್," ಎಂದ.

ಮರುದಿನ ಬಾಗಿಲಿಗೆ ಬೋರ್ಡ್ ಬಂತು: 'ಒಳಗೆ ವಾಸವಿದೆ. ತೊಂದರೆ ಕೊಡಬಾರದು.' ಆಮೇಲೆ ಇಬ್ಬರು ಕೆಲಸದವರು ಬಂದು, ಬರಿಗಾಲಲ್ಲಿ ಛಾವಣಿ ಹತ್ತಿ, ಪಿಸುಮಾತಿನಲ್ಲೇ ಸೋರುವ ಮೂಲೆಗೆ ಹೊಸ ಶೀಟ್ ಹಾಕಿ ಹೋದರು. ಮರಿಗಳು ನೆನೆಯಬಾರದಂತೆ. ಅದೇ ಮೂಲೆಗಾಗಿ ಅವಳು ಗಂಡನಿಂದ ಬರೆಸಿದ್ದ ಅರ್ಜಿಗಳು ಇನ್ನೂ ಪರಿಶೀಲನೆಯಲ್ಲಿದ್ದವು.

ಒಂದು ಮಧ್ಯಾಹ್ನ ಮೊದಲ ಮಳೆ ಬಂತು. ರೂಢಿಯಂತೆ ಮೂಲೆಗೆ ಬಕೆಟ್ ಇಟ್ಟು ಪಕ್ಕದಲ್ಲಿ ಕೂತಳು. ಗಾರ್ಡ್ ಉಂಡು ಮಲಗಿ ಗೊರಕೆ ಹೊಡೆಯುತ್ತಿದ್ದ. ಮಳೆ ನಿಂತ ಮೇಲೆ ಬಗ್ಗಿ ನೋಡಿದಳು. ಬಕೆಟ್ಟಿನಲ್ಲಿ ಒಂದು ಹನಿಯೂ ಇರಲಿಲ್ಲ. ಅವಳಿಗೆ ಅಳು ಬಂತು. ಬೋರ್ಡಿನಲ್ಲಿ ಬರೆದಂತೆ, ಮನೆಯಲ್ಲಿ ಯಾರಿಗೂ ತೊಂದರೆಯಾಗದ ಹಾಗೆ, ಸದ್ದಿಲ್ಲದೆ ಅತ್ತಳು.