ಇದ್ದಷ್ಟು ಎಚ್ಚರ

ಅಕ್ಕ ನಿನ್ನನ್ನು ಕರೆಯುತ್ತಿದ್ದಾಳೆ ಎಂದರೆ ತಂಗಿ ಎಲ್ಲಿ ನಂಬಿಯಾಳು? ಹೊಲಿಗೆ ಯಂತ್ರದ ಚಕ್ರಕ್ಕೆ ಕೈ ಅಡ್ಡ ಇಟ್ಟು ನಿಲ್ಲಿಸಿ, ಸುದ್ದಿ ತಂದ ಅಕ್ಕನ ಮಗಳನ್ನು ಕೇಳಿದಳು: "ಯಾರನ್ನ ಕರೆದಳು, ಸರಿಯಾಗಿ ಹೇಳು."

"ನಿನ್ನನ್ನೇ ಚಿಕ್ಕಮ್ಮ. ಆಪರೇಷನ್ ಮಾಡಿ ಪಿತ್ತಕೋಶದ ಕಲ್ಲು ತೆಗೆದು ಹೊರಗೆ ತಂದ್ರು. ಕಣ್ಣು ಅರ್ಧ ಬಿಟ್ಟು, 'ಬಾಲ ಎಲ್ಲಿ? ಬಾಲ ಬರದೆ ನಾನು ಮನೆಗೆ ಹೋಗಲ್ಲ' ಅಂದ್ಲು ಅಮ್ಮ. ಅಂದು ಮತ್ತೆ ನಿದ್ದೆ ಹೋದ್ಲು."

ಬಾಲ! ಚಿಕ್ಕಂದಿನಲ್ಲಿ ಹೋದಲ್ಲೆಲ್ಲ ಹಿಂದೆ ಬರುತ್ತಿದ್ದ ತಂಗಿಗೆ ಅಕ್ಕನೇ ಇಟ್ಟ ಹೆಸರು. ಅದು ಕಿವಿಗೆ ಬೀಳದೆ ಆರು ವರ್ಷವಾಗಿತ್ತು. ಯಾರದೋ ಕೋಟಿನ ತೋಳು ಮೊಳಕೈಗೇ ನಿಂತುಬಿಟ್ಟು, ಅಳತೆ ತೆಗೆದ ತಂಗಿಯದು ತಪ್ಪೋ ಕತ್ತರಿ ಆಡಿಸಿದ ಅಕ್ಕನದೋ ಎಂದು ಮಾತಿಗೆ ಮಾತು ಬೆಳೆದು, ಇಬ್ಬರೂ ಕೂಡಿ ನಡೆಸುತ್ತಿದ್ದ ಅಂಗಡಿಯ ನಡುವೆ ಹಲಗೆಯ ಗೋಡೆ ಎದ್ದಿತ್ತು. ಅಂದಿನಿಂದ ಮಾತಿಲ್ಲ, ಕತೆಯಿಲ್ಲ. ಆದರೂ ಹಲಗೆಯಾಚೆ ಯಂತ್ರದ ಸದ್ದು ಕೇಳಿದರೆ ಸಾಕು, ಅಕ್ಕ ಇವತ್ತು ದಪ್ಪ ಬಟ್ಟೆಗೆ ಕೂತಿದ್ದಾಳೋ ತೆಳುವಿಗೋ ಎಂದು ತಂಗಿ ಹೇಳಬಲ್ಲಳು. ಈಗ ಕೆಲವು ದಿನದಿಂದ ಆಚೆ ಸದ್ದಿರಲಿಲ್ಲ. ಈಚೆ ಇವಳಿಗೂ ಕೆಲಸಕ್ಕೆ ಕೈ ಓಡುತ್ತಿರಲಿಲ್ಲ.

ಆಸ್ಪತ್ರೆಯಲ್ಲಿ, ಬಾಗಿಲ ಪಕ್ಕದ ಬೆಂಚಿನ ತುದಿಯಲ್ಲಿ ಭಾವ ಕೂತಿದ್ದರು. ಬಸ್ ಕಂಡಕ್ಟರಾಗಿ ದುಡಿದು ನಿವೃತ್ತರಾದವರು. ಊರಿನವರಿಗೆಲ್ಲ ಗದರಿದವರು, ಹೆಂಡತಿಗೆ ಮಾತ್ರ ಹೆದರುವವರು.

"ಬಂದ್ಯಾ? ಬಂದಿದ್ದು ಒಳ್ಳೇದೇ ಆಯ್ತು. ಆದ್ರೆ ನೋಡಮ್ಮ, ಅದು ಮತ್ತಿನ ಮದ್ದು ಆಡಿಸಿದ ಮಾತು. ಎಚ್ಚರ ಆದ್ಮೇಲೆ ನನ್ನ ಗ್ರಹಚಾರ ಬಿಡಿಸ್ತಾಳೆ."

"ಕರೆದಾಗ ಎಚ್ಚರ ಇರ್ಲಿಲ್ವಾ ಭಾವ?"

"ಎಚ್ಚರ ಅಂದ್ರೆ ಬಸ್ಸು ಹತ್ತಿದ ಹಾಗೆ. ಹತ್ತಿದ್ರೆ ಹತ್ತಿದ, ಇಲ್ದಿದ್ರೆ ಇಲ್ಲ. ಮಧ್ಯೆ ಏನಿರುತ್ತೆ?"

"ಫುಟ್‌ಬೋರ್ಡ್ ಮೇಲೆ ನೇತಾಡ್ತಿದ್ರಲ್ಲ, ಅವರು?"

ಭಾವ ತಲೆ ಕೆರೆದುಕೊಂಡರು. "ಅವರ ಕತೆ ಬೇರೆ."

"ಅವರಿಗೆ ಅರ್ಧ ಟಿಕೆಟ್ ಕೊಡ್ತಿದ್ರಾ?"

"ಅರ್ಧ ಯಾಕೆ? ಪೂರ್ತಿ!"

"ಹಾಗಾದ್ರೆ ಅಕ್ಕನ ಮಾತೂ ಪೂರ್ತೀನೇ," ಎಂದು ತಂಗಿ ಒಳಗೆ ನಡೆದಳು.

ಬಾಯಲ್ಲಿ ಹಾಗೆಂದರೂ ಅಳುಕು ಇದ್ದೇ ಇತ್ತು. ಅಕ್ಕ ಕಣ್ಣು ಬಿಟ್ಟು ಮುಖ ತಿರುಗಿಸಿದಳೋ, ಆ ಹಲಗೆ ಇನ್ನು ಈ ಜನ್ಮದಲ್ಲಿ ಅಲ್ಲಾಡುವುದಿಲ್ಲ. ನರ್ಸಮ್ಮ ಅಕ್ಕನ ಕೈಗೆ ಚುಚ್ಚಿದ ನಳಿಕೆ ಸರಿಪಡಿಸುತ್ತಿದ್ದಳು.

"ಸಿಸ್ಟರ್, ಇವಳು ಈಗ ಇದ್ದಾಳಾ, ಇಲ್ವಾ?"

"ಬರ್ತಾ ಇದ್ದಾರೆ," ಎಂದಳು ನರ್ಸಮ್ಮ. "ಕೆಲವರಿಗೆ ಮೊದಲು ಕಿವಿ, ಕೆಲವರಿಗೆ ನಾಲಿಗೆ. ಬಿಗುಮಾನ ಮಾತ್ರ ಎಲ್ಲರಿಗೂ ಕೊನೇಲಿ ಬರೋದು."

ತಂಗಿ ಕಾದು ಕೂತಳು. ಅಕ್ಕನ ಕೈ ಮೆಲ್ಲಗೆ ಆಡಿತು. ಹೊದಿಕೆಯ ಅಂಚನ್ನು ಹೆಬ್ಬೆರಳು, ತೋರುಬೆರಳ ನಡುವೆ ಉಜ್ಜಿತು. "ಒಗೆದೂ ಒಗೆದೂ ಜಾಳಾಗಿದೆ," ಎಂದು ಗೊಣಗಿತು ಬಾಯಿ. ತಂಗಿಗೆ ನಗು ಬಂತು. ಇನ್ನೂ ಕಣ್ಣು ಬಿಟ್ಟಿಲ್ಲ, ಆಗಲೇ ದರ್ಜಿ ಬಂದು ಕೂತಿದ್ದಾಳೆ!

ಆಮೇಲೆ ಕಣ್ಣು ತೆರೆಯಿತು. ಹುಬ್ಬು ಗಂಟಾಯಿತು. ನರ್ಸಮ್ಮ ಹೇಳಿದ್ದು ಬಂದೇಬಿಟ್ಟಿತು.

"ನಿನ್ನನ್ನ ಯಾರು ಕರೆದಿದ್ದು?"

"ನೀನೇ."

"ನಾನಾ? ನನಗೆ ಎಚ್ಚರವೇ ಇರ್ಲಿಲ್ಲ."

"ಪೂರ್ತಿ ಇರ್ಲಿಲ್ಲ. ಇದ್ದಷ್ಟರಲ್ಲಿ ಕರೆದೆ."

ಅಕ್ಕ ಗೋಡೆಯ ಕಡೆ ಮುಖ ಮಾಡಿದಳು. ತಂಗಿ ಎದ್ದು ಚೀಲ ಹೆಗಲಿಗೇರಿಸಿ, "ಬರ್ತೀನಿ. ನೀನು ಮಲಗು," ಎಂದು ಬಾಗಿಲವರೆಗೆ ಹೋದಳು.

"ಮದ್ದು ಇನ್ನೂ ಇಳಿದಿಲ್ಲ ಕಣೇ," ಹಿಂದಿನಿಂದ ದನಿ ಬಂತು. "ಮತ್ತೆ ಕಣ್ಣು ಎಳೀತಿದೆ."

ತಂಗಿ ತಿರುಗಿ ನೋಡಿದಳು. ಅಕ್ಕನ ರೆಪ್ಪೆಗಳು ಬಿಗಿದು ಸುಕ್ಕಾಗಿದ್ದವು. ನಿದ್ದೆ ಹೋದವರ ರೆಪ್ಪೆ ಹಾಗಿರುವುದಿಲ್ಲ. ಪಾತ್ರೆ ತೊಳೆಯಲು ಅಮ್ಮ ಕೂಗಿದಾಗಲೆಲ್ಲ ಅಕ್ಕ ಥೇಟ್ ಹೀಗೇ ಮಲಗುತ್ತಿದ್ದಳು.

"ಬಾಲ," ಎಂದಳು ಅಕ್ಕ, ಬೇಕೆಂದೇ ತೊದಲುತ್ತಾ. "ಆ ಹಲಗೆಯಿಂದ ನನ್ನ ಕಡೆ ಗಾಳೀನೇ ಬರಲ್ಲ."

ತಂಗಿ ಬಂದು ಮಂಚದ ಅಂಚಿಗೆ ಕೂತಳು. ಚೀಲ ಕೆಳಗಿಟ್ಟಳು.

"ನಾಳೆ ಕೀಳಿಸ್ತೀನಿ. ನೀನು ಈಗ ನಿದ್ದೆ ಮಾಡು."

"ಮಾಡ್ತಾನೇ ಇದ್ದೀನಲ್ಲ," ಎಂದಳು ಅಕ್ಕ, ಕಣ್ಣು ಬಿಡದೆ.