ಎಡಗೈಯ ಕ್ಲಚ್ಚು

ಬಾವಿ ತೋಡುವಾಗ ಜಾರಿದ ಬಂಡೆ ತಿಗನಾರೆಯ ಪುಟ್ಟಬಸಪ್ಪನ ಎಡಗಾಲನ್ನು ಜಜ್ಜಿಹಾಕಿತು. ಮೈಸೂರಿನ ಆಸ್ಪತ್ರೆಯಲ್ಲಿ ಮೊಣಕಾಲಿನಿಂದ ಕೆಳಗೆ ಕತ್ತರಿಸಿ ತೆಗೆದರು. ಅದು ಎಪ್ಪತ್ತೆಂಟನೇ ಇಸವಿ.

ಮರದ ಕಾಲು ಕಟ್ಟಿಕೊಂಡು ಊರಿಗೆ ಬಂದವನು ಮೊದಲು ಹೋದದ್ದು ಕೊಟ್ಟಿಗೆಯ ಪಕ್ಕದಲ್ಲಿದ್ದ ತನ್ನ ಜೀಪಿನ ಹತ್ತಿರ. ಮಿಲಿಟರಿಯವರು ಮಾರಿದ್ದ ಹಳೇ ಗಾಡಿ. ಲಾರಿ ಬಾರದ ಕಲ್ಲುದಾರಿಯಲ್ಲಿ ಊರವರ ಆಲೂಗಡ್ಡೆ, ರಾಗಿಯನ್ನೆಲ್ಲ ಅವನೇ ತಾಳವಾಡಿಗೆ ಸಾಗಿಸುತ್ತಿದ್ದ. ಸೀಟು ಹತ್ತಿ ಮರದ ಕಾಲನ್ನು ಕ್ಲಚ್ಚಿನ ಮೇಲಿಟ್ಟ. ಎಷ್ಟು ಒತ್ತಿದೆನೆಂಬುದೇ ತಿಳಿಯಲಿಲ್ಲ. ಕಾಲು ಪಕ್ಕಕ್ಕೆ ಜಾರಿತು.

ನೋಡುತ್ತಿದ್ದ ಅಣ್ಣ ಚಿಕ್ಕಬಸಪ್ಪ, "ಯಾರಿಗಾದ್ರೂ ಕೊಟ್ಬುಡ್ಲಾ. ಒಲ ನೋಡ್ಕೊಂಡು ಇದ್ರಾಯ್ತು," ಎಂದ.

"ಇಲ್ಲ ಕಣಣ್ಣ. ಓಡ್ಸೋನು ನಾನೇ."

ತಾಳವಾಡಿಯಲ್ಲಿ ಟ್ರಾಕ್ಟರ್ ರಿಪೇರಿ ಮಾಡುವ ಬಿಳಿಗಿರಿಯನ್ನು ಕರೆಸಿದ. ಕ್ಲಚ್ಚನ್ನು ಎಡಗೈಯಲ್ಲಿ ಎಳೆಯುವಂತೆ ಮಾಡಬೇಕು ಎಂದ. ಬಿಳಿಗಿರಿ ಸೀಟಿನ ಪಕ್ಕ ಒಂದು ಲಿವರು ನಿಲ್ಲಿಸಿ, ಅದರಿಂದ ಪೆಡಲಿಗೆ ತಂತಿ ಬಿಗಿದ. ಹೊಲದ ಏರಿನಲ್ಲಿ ಓಡಿಸಿ ನೋಡುವಾಗ ತಂತಿ ಕಡಿದುಹೋಯಿತು. ಜೀಪು ಜಿಗಿದು ಬದುವಿಗೆ ಮೂತಿ ಗುದ್ದಿತು. ಪುಟ್ಟಬಸಪ್ಪನ ಹಣೆ ಒಡೆಯಿತು, ಡ್ಯಾಶ್‌ಬೋರ್ಡಿನ ತಗಡು ಹರಿದು ಮೀಟರುಗಳು ಜೋತುಬಿದ್ದವು.

"ಅಣ್ಣಾ, ಸಾಕು ಬುಡಿ," ಎಂದ ಬಿಳಿಗಿರಿ.

"ತಂತಿ ಬ್ಯಾಡ, ಕಬ್ಬಿಣದ ಸಲಾಕೆ ಆಕು."

ಗಾಯಕ್ಕೆ ಅರಿಸಿನ ಮೆತ್ತುತ್ತಿದ್ದ ಹೆಂಡತಿ ಶಿವಮಲ್ಲಮ್ಮ ಬೇರೆಯದೇ ಕೇಳಿದಳು. "ಕ್ಲಚ್ಚಿಗೂ ಎಡಗೈ, ಗೇರಿಗೂ ಎಡಗೈ. ಗೇರು ಆಕುವಾಗ ಕ್ಲಚ್ಚ ಯಾರು ಇಡ್ಕೊತಾರೆ?"

ಅದನ್ನು ಗಂಡನಾಗಲಿ ಬಿಳಿಗಿರಿಯಾಗಲಿ ಯೋಚಿಸಿಯೇ ಇರಲಿಲ್ಲ.

ಉತ್ತರ ಹೊಳೆಯಲು ನಾಲ್ಕು ದಿನ ಹಿಡಿಯಿತು. ಹ್ಯಾಂಡ್‌ಬ್ರೇಕು ಎಳೆದಲ್ಲಿ ನಿಲ್ಲುವುದು ಅದರ ಹಲ್ಲುಪಟ್ಟಿಯಿಂದ. ಕ್ಲಚ್ಚಿನ ಲಿವರಿಗೂ ಅಂಥದೇ ಹಲ್ಲು ಇದ್ದರೆ ಎಳೆದು ಬಿಟ್ಟರೂ ಅಲ್ಲೇ ನಿಲ್ಲುತ್ತದೆ. ಗೇರು ಹಾಕಿ, ಹಿಡಿಯ ತುದಿಯ ಗುಂಡಿ ಒತ್ತಿ, ನಿಧಾನವಾಗಿ ಬಿಟ್ಟರಾಯಿತು. ಬಿಳಿಗಿರಿ ಗುಜರಿ ಗಾಡಿಯೊಂದರಿಂದ ಹಲ್ಲುಪಟ್ಟಿ ಬಿಚ್ಚಿ ತಂದ.

ಡ್ಯಾಶ್‌ಬೋರ್ಡನ್ನು ಪುಟ್ಟಬಸಪ್ಪನೇ ಮಾಡಿದ. ಹಳೇ ಬಾಗಿಲಿನ ತೇಗದ ಹಲಗೆ ಕೊಯ್ದು, ಉಳಿಯಿಂದ ಮೀಟರುಗಳಿಗೆ ದುಂಡು ತೂತು ಕೊರೆದ. ಘಾಟಿ ಹತ್ತುವಾಗ ಕಣ್ಣಿಗೆ ಬೀಳಬೇಕೆಂದು ಇಂಜಿನ್ ಬಿಸಿ ತೋರಿಸುವ ಮೀಟರನ್ನು ನಡುವೆ ಇಟ್ಟ. ಲೈಟು ಇಳಿಸುವ ಗುಂಡಿ ಮೊದಲು ಎಡಗಾಲಿನ ಬಳಿ ನೆಲದಲ್ಲಿತ್ತು. ಅದನ್ನೂ ಹಲಗೆಗೆ ತಂದ. ಎಡಗೈ ಕ್ಲಚ್ಚಿಗೇ ಬೇಕಾದ್ದರಿಂದ ಹ್ಯಾಂಡ್‌ಬ್ರೇಕಿನ ಹಿಡಿ ಬಲಗೈಗೆ ಬಂತು. ಒಂದು ಹಲಗೆ ಸೀಳಿತು, ಇನ್ನೊಂದು ಮಾಡಿದ.

ಎರಡು ತಿಂಗಳು ಹೊಲದಲ್ಲೇ ಅಭ್ಯಾಸ. ಆಮೇಲೆ ಒಂದು ಬೆಳಿಗ್ಗೆ ಅಣ್ಣನನ್ನು ಪಕ್ಕದಲ್ಲಿ ಕೂರಿಸಿಕೊಂಡು ದಿಂಬಂ ಘಾಟಿ ಇಳಿದು, ಘಾಟಿಯ ಬುಡದ ಬಣ್ಣಾರಿಯಲ್ಲಿ ತಿರುಗಿಸಿ, ಮತ್ತೆ ಏರತೊಡಗಿದ.

ಅರ್ಧ ಏರಿದಾಗ ತಿರುವಿನಲ್ಲೇ ಬಿದಿರಿನ ಲಾರಿಯೊಂದು ಎದುರಾಯಿತು. ನಿಲ್ಲಲೇಬೇಕಾಯಿತು. ಹಿಂದೆ ಕಣಿವೆ. ಚಿಕ್ಕಬಸಪ್ಪ ಸೀಟಿನ ಅಂಚು ಗಟ್ಟಿಯಾಗಿ ಹಿಡಿದ. "ಇಳೀಲೇನ್ಲಾ? ಚಕ್ರಕ್ಕೆ ಕಲ್ಲು ಕೊಡ್ತೀನಿ."

"ಕೂತ್ಕೋ."

ಲಾರಿ ಸರಿದು ಹೋಯಿತು. ಪುಟ್ಟಬಸಪ್ಪ ಅಂಗೈಯನ್ನು ಪಂಚೆಗೆ ಒರೆಸಿಕೊಂಡ. ಎಡಗೈ ಲಿವರಿನ ಮೇಲೆ, ಬಲಗೈ ಬ್ರೇಕಿನ ಹಿಡಿಯ ಮೇಲೆ. ಬಲಗಾಲಲ್ಲಿ ಇಂಜಿನ್ ಏರಿಸಿ ಲಿವರನ್ನು ಬೆರಳಗಲ ಬೆರಳಗಲವಾಗಿ ಬಿಟ್ಟ. ಗಾಡಿ ನಡುಗಿ ಮುಂದಕ್ಕೆ ತುಡಿದಾಗ ಬ್ರೇಕು ಬಿಡಿಸಿ ಸ್ಟೀರಿಂಗ್ ಹಿಡಿದ. ಜೀಪು ಒಂದು ಗೇಣೂ ಹಿಂದಕ್ಕೆ ಸರಿಯದೆ ತಿರುವು ದಾಟಿತು.

ಘಾಟಿಯ ತುದಿಯ ದಿಂಬಂನಲ್ಲಿ ಗಾಡಿ ನಿಲ್ಲಿಸಿದರು. ಟೀ ಅಂಗಡಿಯ ಬೆಂಚಿನಲ್ಲಿ ಎರಡು ಗುಟುಕು ಕುಡಿದ ಮೇಲೆ ಚಿಕ್ಕಬಸಪ್ಪ ಹೇಳಿದ: "ಸೋಮಾರ ನನ್ನ ಒಲದಲ್ಲಿ ಆಲೂಗಡ್ಡೆ ಕೀಳಿಸ್ತೀನಿ. ಒತ್ತಾರೆನೇ ಗಾಡಿ ತಕ್ಕೊಂಡು ಬಾ."