ಶಬ್ದ ಬೆಳಕನ್ನು ದಾಟಿದ ಜಾಗ

ಮುಂದಿನ ಸೀಟಿನ ಹೆಂಗಸಿನ ಮಡಿಲಲ್ಲಿ ಕೊತ್ತಂಬರಿ, ಬಸ್ಸು ಕುಲುಕಿದಾಗಲೆಲ್ಲ ಅದರ ವಾಸನೆ, ಮಾಯಾಳಿಗೆ ಹಸಿವು, ನಾಚಿಕೆಗೆಟ್ಟ ಹೊಟ್ಟೆ, ಮರ್ಯಾದೆ ಹೋದ ದಿನವೂ ಹಸಿಯುತ್ತದೆ — ಕಲಬುರಗಿ ಹಿಂದೆ ಬಿತ್ತು, ಕಮಲಾಪುರದಲ್ಲಿ ಅವ್ವ ಬಂಡೆಮ್ಮ ಮಗಳ ಪಿಎಚ್‌ಡಿ ಮುಗಿಯಿತೆಂದು ಬುದ್ಧವಿಹಾರದ ಓಣಿಗೆಲ್ಲ ಕೆಂಪು ಬಾಳೆಹಣ್ಣು ಹಂಚಿರುತ್ತಾಳೆ, ತಡಿ ಯವ್ವಾ ಅಂದರೆ ಕೇಳುವವಳೇ, ಮುಗೀಲಿಲ್ಲ ಯವ್ವಾ, ಪ್ರಬಂಧ ಸಲ್ಲಿಸುವ ಮೊದಲಿನ ಸಭೆಯಲ್ಲೇ ಮುಗ್ಗರಿಸಿತು. ಹೊರಗಿನಿಂದ ಬಂದ ಪರೀಕ್ಷಕರು ಪರದೆಯ ಮೇಲಿನ ನಕ್ಷೆ ತೋರಿಸಿ ಕೇಳಿದ್ದು ಒಂದೇ ಮಾತು, ನಿಮ್ಮ ಗೆರಿ ಇಲ್ಲಿಗೇ ಯಾಕ ನಿಂತದಮ್ಮಾ, ನಕ್ಷತ್ರದ ನಡು ಇನ್ನೂ ಒಳಗದಲ್ಲ? ನ್ಯೂಟ್ರಾನ್ ನಕ್ಷತ್ರದ ಹೊಟ್ಟೆಯಲ್ಲಿ ಒತ್ತೊತ್ತಾಗಿ ತುಂಬಿದ ದ್ರವ್ಯ ಎಷ್ಟು ಭಾರ ತಡೆದೀತು, ಇಷ್ಟು ವರ್ಷ ಅದೊಂದೇ ಲೆಕ್ಕ. ಗೈಡ್ ಶಿವಲಿಂಗಪ್ಪ ಸರ್‌ಗೆ ಮಾತ್ರ ಚಮಚ ಸಾಕು, ಒಂದು ಚಮಚ ತಗದ್ರ ಗುಡ್ಡದಷ್ಟು ತೂಕ ನೋಡ್ರೀ, ಪ್ರತಿ ಭಾಷಣದಲ್ಲೂ ಅದೇ ಚಮಚ, ಅದಕ್ಕೇ ಚಪ್ಪಾಳೆ. ಸೂರ್ಯನ ಎರಡು ಪಟ್ಟು ತೂಗುವ ನಕ್ಷತ್ರ ಆಕಾಶದಲ್ಲಿ ಇದೆ, ಸರ್ ಕೊಟ್ಟ ಸೂತ್ರ ಅಷ್ಟು ಭಾರ ಹೊರುತ್ತಿರಲಿಲ್ಲ, ಲೆಕ್ಕದಲ್ಲಿ ದ್ರವ್ಯ ಗಟ್ಟಿ ಮಾಡು ಅಂದರು, ಮಾಡಿದಳು, ಆಗ ಒಳಗೆ ಶಬ್ದ ಬೆಳಕಿಗಿಂತ ಜೋರಾಗಿ ಓಡತೊಡಗಿತು. ಇದು ಆಗಂಗಿಲ್ರೀ ಸರ್, ಬೆಳಕು ದಾಟಿ ಯಾವುದೂ ಓಡಂಗಿಲ್ರೀ. ಅವರು ಪರದೆಯ ಮೇಲೆ ಬೆರಳಿಟ್ಟರು, ಹರಳಿನುಂಗುರದ ಬೆರಳು, ಇಲ್ಲಿಗೆ ಗೆರಿ ಕತ್ತರ್ಸಿ ಬಿಡು, ಯಾರ್ ನೋಡ್ತಾರ.

ನೋಡಿದರು. ನೋಡಿದ ಕೂಡಲೇ ಸಭೆಯ ಮೊದಲ ಸಾಲಿನಿಂದ ಆ ಬೆರಳು ಅವಳತ್ತ ಎದ್ದಿತು, ಆಕೀದೇ ಕೆಲಸ್ರೀ, ನನಗ ತೋರಿಸೇ ಇಲ್ಲ, ಈ ಮಂದಿಗೆ ಎಷ್ಟ್ ಕಲಿಸಿದ್ರೂ ಅಷ್ಟೇ — ಯಾವ ಮಂದಿ ಎಂದು ಒಬ್ಬರೂ ಕೇಳಲಿಲ್ಲ, ಕೇಳುವುದೇನಿದೆ, ಎಲ್ಲರಿಗೂ ಗೊತ್ತು, ಅವಳೂ ಕಾಗದ ಜೋಡಿಸಿಕೊಂಡು ಕೆಳಗಿಳಿದಳು, ಥೂ, ಕತ್ತರಿಸೆಂದವರು ನೀವೇ ಅನ್ನಲಾಗದ ನಾಲಿಗೆಗಿಷ್ಟು. ಈಗ ಬಸ್ಸಿನಲ್ಲಿ ಫೋನು ನಡುಗಿತು, ಸರ್, ಬೆಣ್ಣೆಯಂಥ ದನಿ, ಬ್ಯಾಸರ ಮಾಡ್ಕೋಬ್ಯಾಡವಾ, ತಪ್ಪು ನಂದೇ ಅಂತ ಎಲ್ಲರ ಮುಂದ ಒಪ್ಕೊ, ಮುಂದಿನ ವರ್ಷ ದಾಟಿಸ್ತೀನಿ, ಇಲ್ಲಂದ್ರ ನಿನ್ನ ಡಿಗ್ರಿ ಇಲ್ಲಿಗೇ ನಿಂತಂಗ. ಒಪ್ಪಿದರೆ ಜನ್ಮಪೂರ್ತಿ ಗೆರೆ ಕತ್ತರಿಸಿದವಳು, ಒಪ್ಪದಿದ್ದರೆ ಏನೂ ಅಲ್ಲದವಳು, ಹೂಂ ರೀ ಸರ್, ಅಂದೇಬಿಟ್ಟಳು, ಎಷ್ಟು ಸಲೀಸಾಗಿ ಬಂತು ಈಗ ಮಾತು. ಇನ್ನು ಅವ್ವ, ಯಾರಿಂದ ಹಿಂಗಾತು ಮಗಳೇ ಎಂದರೆ ಯಾರನ್ನು ತೋರಿಸಲಿ, ಬೆರಳು ಎತ್ತಲಿ ಯಾರತ್ತ, ಎತ್ತಹೋದರೆ ಅದು ತನ್ನದಲ್ಲ, ಉಂಗುರವಿದೆ, ಹರಳಿದೆ, ತಿರುಗಿದ್ದು ತನ್ನ ಕಡೆಗೇ, ಆ ಬೆರಳು —